ಒಂದೇ ಪರದೆಯಲ್ಲಿ ನಾಲ್ಕು ಪೇನ್: ದೂರದ ಸರ್ವರ್‌ನಲ್ಲಿ ಕೆಲಸ ಮಾಡುವ ಕ್ರಮ



ಪಿಯುಸಿ ಮುಗಿಸಿ ಬಿಸಿಎ, ಬಿ.ಎಸ್ಸಿ. ಅಥವಾ ಎಂಜಿನಿಯರಿಂಗ್ ಸೇರುವ ನಿಮ್ಮಲ್ಲಿ ಹಲವರಿಗೆ ಒಂದಲ್ಲ ಒಂದು ದಿನ ಕಪ್ಪು ಪರದೆಯೊಂದು ಎದುರಾಗುತ್ತದೆ. ಅದರಲ್ಲಿ ಐಕಾನ್ ಇಲ್ಲ, ಮೆನು ಇಲ್ಲ. ಮಿನುಗುವ ಕರ್ಸರ್ ಮಾತ್ರ. ಪರದೆ ನಿಮ್ಮ ಮೇಜಿನ ಮೇಲಿದ್ದರೂ ಅದರಲ್ಲಿ ನೀವು ನಡೆಸುತ್ತಿರುವ ಕಂಪ್ಯೂಟರ್ ಮುಂಬೈಯಲ್ಲೋ ಸಿಂಗಾಪುರದಲ್ಲೋ ಇರುತ್ತದೆ. ಅದನ್ನು ನೀವು ಕಣ್ಣಾರೆ ಕಾಣುವುದೇ ಇಲ್ಲ.

ನಮ್ಮ ಪಠ್ಯದಲ್ಲಿ ನೆಟ್‌ವರ್ಕ್ ಎಂದರೇನು, ಸರ್ವರ್ ಎಂದರೇನು ಎಂದು ಓದುತ್ತೇವೆ. ದೂರದ ಸರ್ವರ್‌ಗೆ ಹೋಗಿ ಕೆಲಸ ಮಾಡುವ ಕ್ರಮಕ್ಕೆ ತರಗತಿಯಲ್ಲಿ ಸಮಯ ಸಿಗುವುದಿಲ್ಲ. ಲ್ಯಾಬ್‌ನಲ್ಲಿ ಪ್ರಾಕ್ಟಿಕಲ್ ಬೇಗ ಮುಗಿದ ದಿನ ಉಳಿದವರಿಗೆ ನಾನು ಹೇಳಿಕೊಡುವ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರ್ ವಿಷಯ ತೆಗೆದುಕೊಳ್ಳದವರೂ ಓದಬಹುದು.

ಮೊದಲು ಒಂದು ಸೂಚನೆ. ಪತ್ರಿಕೆ ಕನ್ನಡದ್ದಾದ್ದರಿಂದ ಆಜ್ಞೆಗಳನ್ನೂ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು. ಇಂಗ್ಲಿಷ್ ಅಕ್ಷರಗಳಲ್ಲಿರುವ ಪಟ್ಟಿಯನ್ನು ಲ್ಯಾಬ್‌ನ ಗೋಡೆಗೆ ಅಂಟಿಸಿದ್ದೇನೆ, ನೋಡಿಕೊಳ್ಳಿ.

ದೂರದ ಯಂತ್ರಕ್ಕೆ ದಾರಿ

ಹಿಂದೆ ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗಲು ಟೆಲ್ನೆಟ್ ಎಂಬ ವಿಧಾನವಿತ್ತು. ಅದರಲ್ಲಿ ನೀವು ಟೈಪ್ ಮಾಡಿದ ಪ್ರತಿ ಅಕ್ಷರವೂ, ಪಾಸ್‌ವರ್ಡ್ ಕೂಡ, ಮುಚ್ಚುಮರೆಯಿಲ್ಲದೆ ತಂತಿಯ ಮೇಲೆ ಹೋಗುತ್ತಿತ್ತು. ಅಂಚೆ ಕಾರ್ಡಿನಲ್ಲಿ ಬರೆದ ಪತ್ರದಂತೆ, ನಡುವೆ ಇರುವ ಯಾರು ಬೇಕಾದರೂ ಓದಬಹುದಿತ್ತು. 1995ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ತಂತ್ರಜ್ಞಾನ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಹೀಗೆಯೇ ಪಾಸ್‌ವರ್ಡ್‌ಗಳು ಕಳವಾದವು. ಅಲ್ಲಿನ ಸಂಶೋಧಕ ಟಾಟು ಯ್ಲೋನೆನ್ ಅದೇ ವರ್ಷ ಎಸ್‌ಎಸ್‌ಎಚ್ ಎಂಬ ಪ್ರೋಗ್ರಾಂ ಬರೆದರು. ಪೂರ್ತಿ ಹೆಸರು ಸೆಕ್ಯೂರ್ ಶೆಲ್. ಇದರಲ್ಲಿ ಎರಡೂ ಕಡೆಯ ಮಾತು ಗೂಢಲಿಪಿಯಲ್ಲಿ ಸಾಗುತ್ತದೆ. ಟೆಲ್ನೆಟ್‌ನ ಪೋರ್ಟ್ ಸಂಖ್ಯೆ 23, ಎಫ್‌ಟಿಪಿಯದ್ದು 21. ನಡುವೆ ಖಾಲಿ ಇದ್ದ 22ನ್ನು ಅವರು ಕೇಳಿ ಪಡೆದರು. ಇಂದಿಗೂ ಎಸ್‌ಎಸ್‌ಎಚ್‌ನ ಪೋರ್ಟ್ 22.

ಬಳಸುವುದು ಸುಲಭ. ಟರ್ಮಿನಲ್ ತೆರೆದು ಎಸ್‌ಎಸ್‌ಎಚ್ ಎಂದು ಬರೆದು, ಒಂದು ಜಾಗ ಬಿಟ್ಟು, ಬಳಕೆದಾರರ ಹೆಸರು, @ ಚಿಹ್ನೆ, ಸರ್ವರ್‌ನ ವಿಳಾಸ ಬರೆದು ಎಂಟರ್ ಒತ್ತಬೇಕು. ಮೊದಲ ಸಲ ಹೋಗುವಾಗ ಅದು ಆ ಸರ್ವರ್‌ನ ಗುರುತನ್ನು, ಅಂದರೆ ಬೆರಳಚ್ಚಿನಂಥ ಒಂದು ಅಕ್ಷರಸಾಲನ್ನು ತೋರಿಸಿ, ಇದನ್ನು ನಂಬಲೇ ಎಂದು ಕೇಳುತ್ತದೆ. ಹೂಂ ಎಂದರೆ ಆ ಗುರುತು ನಿಮ್ಮ ಕಂಪ್ಯೂಟರ್‌ನಲ್ಲಿ ಉಳಿಯುತ್ತದೆ. ಮುಂದೊಂದು ದಿನ ಅದೇ ವಿಳಾಸದಲ್ಲಿ ಬೇರೆ ಗುರುತು ಕಂಡರೆ ದೊಡ್ಡ ಎಚ್ಚರಿಕೆ ಬರುತ್ತದೆ. ಆ ಎಚ್ಚರಿಕೆಯನ್ನು ಓದದೆ ದಾಟಬೇಡಿ. ಸರ್ವರನ್ನು ಹೊಸದಾಗಿ ಹೊಂದಿಸಿದ್ದರೂ ಹಾಗಾಗುತ್ತದೆ, ನಡುವೆ ಯಾರೋ ಕುಳಿತಿದ್ದರೂ ಹಾಗಾಗುತ್ತದೆ. ಯಾವುದೆಂದು ಸರ್ವರ್ ನೋಡಿಕೊಳ್ಳುವವರನ್ನು ಕೇಳಿ ತಿಳಿಯಬೇಕು.

ಸಂಪರ್ಕ ಕಡಿದರೆ ಕೆಲಸ ಏಕೆ ನಿಲ್ಲುತ್ತದೆ?

ಒಂದು ಗಂಟೆ ಓಡಬೇಕಾದ ಪ್ರೋಗ್ರಾಂ ಒಂದನ್ನು ದೂರದ ಸರ್ವರ್‌ನಲ್ಲಿ ಶುರು ಮಾಡಿದ್ದೀರಿ ಎಂದುಕೊಳ್ಳಿ. ನಲವತ್ತನೇ ನಿಮಿಷಕ್ಕೆ ಇಲ್ಲಿ ಕರೆಂಟ್ ಹೋಯಿತು, ವೈಫೈ ನಿಂತಿತು. ಸರ್ವರ್‌ಗೆ ಏನೂ ಆಗಿಲ್ಲ, ಅಲ್ಲಿ ಕರೆಂಟ್ ಇದೆ. ಹಾಗಿದ್ದರೂ ಮತ್ತೆ ಲಾಗಿನ್ ಆಗಿ ನೋಡಿದರೆ ಪ್ರೋಗ್ರಾಂ ಸತ್ತಿರುತ್ತದೆ. ಏಕೆ?

ಉತ್ತರ ಹಳೆಯ ಟೆಲಿಫೋನ್ ಕಾಲದ್ದು. ಆಗ ಮೋಡೆಮ್ ಮೂಲಕ ಫೋನ್ ಮಾಡಿ ಕಂಪ್ಯೂಟರ್‌ಗೆ ಸೇರುತ್ತಿದ್ದರು. ಆ ಕಡೆಯವರು ಫೋನ್ ಇಟ್ಟರೆ ಅವರು ನಡೆಸುತ್ತಿದ್ದ ಪ್ರೋಗ್ರಾಂಗಳನ್ನು ಸುಮ್ಮನೆ ಓಡಲು ಬಿಡುವುದೇಕೆ? ಹಾಗಾಗಿ ಯುನಿಕ್ಸ್‌ನಲ್ಲಿ 'ಹ್ಯಾಂಗಪ್' ಎಂಬ ಸಂಕೇತ ಇಟ್ಟರು, ಫೋನ್ ಇಟ್ಟಾಯಿತು ಎಂಬ ಅರ್ಥದಲ್ಲಿ. ಅದರ ಸಂಖ್ಯೆ 1. ಟರ್ಮಿನಲ್ ಮುಚ್ಚಿದಾಗ ಅದರ ಆಶ್ರಯದಲ್ಲಿದ್ದ ಪ್ರೋಗ್ರಾಂಗಳಿಗೆ ಈ ಸಂಕೇತ ಹೋಗುತ್ತದೆ. ಬೇರೆ ವ್ಯವಸ್ಥೆ ಮಾಡಿರದಿದ್ದರೆ ಅವು ಅಲ್ಲಿಗೆ ನಿಲ್ಲುತ್ತವೆ. ಇಂದು ಮೋಡೆಮ್ ಫೋನ್ ಹೋಗಿದೆ, ನಿಯಮ ಉಳಿದಿದೆ. ನೆಟ್ ಕಡಿದದ್ದು ಸರ್ವರ್‌ಗೆ ಆ ಕ್ಷಣವೇ ತಿಳಿಯದಿರಬಹುದು. ತಿಳಿದಾಗ ಆಗುವುದು ಇದೇ.

ಅಂದರೆ ತೊಂದರೆ ಪ್ರೋಗ್ರಾಂನಲ್ಲಿಲ್ಲ, ಅದು ಯಾರನ್ನು ಆಶ್ರಯಿಸಿದೆ ಎಂಬುದರಲ್ಲಿದೆ. ಕಡಿದುಹೋಗಬಹುದಾದ ಟರ್ಮಿನಲ್ ಬದಲು ಸರ್ವರ್‌ನಲ್ಲೇ ಸ್ಥಿರವಾಗಿ ನಿಲ್ಲುವ ಇನ್ನೊಬ್ಬರ ಆಶ್ರಯ ಅದಕ್ಕೆ ಸಿಗಬೇಕು.

ಟಿಮಕ್ಸ್ ಎಂಬ ಸಹಾಯಕ

ಅಂಥ ಆಶ್ರಯ ಕೊಡುವ ಪ್ರೋಗ್ರಾಂಗಳನ್ನು ಟರ್ಮಿನಲ್ ಮಲ್ಟಿಪ್ಲೆಕ್ಸರ್ ಎನ್ನುತ್ತಾರೆ. 1987ರಲ್ಲಿ ಬಂದ ಸ್ಕ್ರೀನ್ ಎಂಬುದು ಹಳೆಯದು. ನಿಕೋಲಸ್ ಮ್ಯಾರಿಯಟ್ ಎಂಬವರು 2007ರಲ್ಲಿ ಶುರು ಮಾಡಿದ ಟಿಮಕ್ಸ್ ಈಗ ಹೆಚ್ಚು ಬಳಕೆಯಲ್ಲಿದೆ. ಟಿ, ಎಂ, ಯು, ಎಕ್ಸ್ ಎಂಬ ನಾಲ್ಕು ಅಕ್ಷರಗಳ ಹೆಸರು. ಉಚಿತ, ಮುಕ್ತ ತಂತ್ರಾಂಶ.

ಇದರಲ್ಲಿ ಮೂರು ಹಂತಗಳಿವೆ. ಮನೆಯ ಹೋಲಿಕೆ ಕೊಟ್ಟರೆ ನಿಮಗೆ ಬೇಗ ಹಿಡಿಯುತ್ತದೆ.

ಸೆಷನ್ ಎಂದರೆ ಮನೆ. ಒಂದು ಕೆಲಸಕ್ಕೆ ಒಂದು ಸೆಷನ್, ಅದಕ್ಕೊಂದು ಹೆಸರು.

ವಿಂಡೋ ಎಂದರೆ ಆ ಮನೆಯ ಕೋಣೆ. ಒಂದು ಸಲಕ್ಕೆ ಒಂದು ಕೋಣೆಯಲ್ಲಿ ಇರುತ್ತೀರಿ. ಕೋಣೆಗಳ ಸಂಖ್ಯೆ 0ಯಿಂದ ಶುರುವಾಗುತ್ತದೆ.

ಪೇನ್ ಎಂದರೆ ಆ ಕೋಣೆಯಲ್ಲಿ ಹಾಕಿದ ಮೇಜುಗಳು. ಒಂದೇ ಕೋಣೆಯಲ್ಲಿ ಎರಡು, ಮೂರು, ನಾಲ್ಕು ಮೇಜು. ಎಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ, ಕೈ ಮಾತ್ರ ಒಂದರ ಮೇಲೆ.

ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಹೋದ ಮೇಲೆ 'ಟಿಮಕ್ಸ್ ನ್ಯೂ -ಎಸ್ ಲ್ಯಾಬ್' ಎಂದು ಬರೆದರೆ ಲ್ಯಾಬ್ ಎಂಬ ಹೆಸರಿನ ಸೆಷನ್ ತೆರೆಯುತ್ತದೆ. ಪರದೆಯ ಅಡಿಯಲ್ಲಿ ಹಸಿರು ಪಟ್ಟಿ ಕಾಣುತ್ತದೆ. ಇನ್ನು ಮುಂದೆ ಟಿಮಕ್ಸ್‌ಗೆ ಏನಾದರೂ ಹೇಳಬೇಕಿದ್ದರೆ ಮೊದಲು ಕಂಟ್ರೋಲ್ ಹಿಡಿದು ಬಿ ಒತ್ತಬೇಕು, ಎರಡನ್ನೂ ಬಿಡಬೇಕು, ಆಮೇಲೆ ಇನ್ನೊಂದು ಕೀ ಒತ್ತಬೇಕು. ಕಂಟ್ರೋಲ್-ಬಿ ಒತ್ತುವುದು ಟಿಮಕ್ಸನ್ನು ಹೆಸರು ಹಿಡಿದು ಕರೆದಂತೆ. ಕರೆಯದೆ ಒತ್ತಿದ ಕೀಗಳೆಲ್ಲ ಒಳಗಿನ ಪ್ರೋಗ್ರಾಂಗೆ ಹೋಗುತ್ತವೆ.

ಕಂಟ್ರೋಲ್-ಬಿ ಆದ ನಂತರ ಒತ್ತುವ ಮುಖ್ಯ ಕೀಗಳು ಇವು:

% — ಪೇನನ್ನು ಎಡ-ಬಲವಾಗಿ ಎರಡು ಮಾಡುತ್ತದೆ.
" — ಪೇನನ್ನು ಮೇಲೆ-ಕೆಳಗೆ ಎರಡು ಮಾಡುತ್ತದೆ.
ಬಾಣದ ಕೀ — ಆ ದಿಕ್ಕಿನ ಪೇನ್‌ಗೆ ಹೋಗುತ್ತದೆ.
ಝಡ್ — ಈಗಿನ ಪೇನನ್ನು ಪೂರ್ತಿ ಪರದೆಗೆ ದೊಡ್ಡದು ಮಾಡುತ್ತದೆ. ಮತ್ತೆ ಒತ್ತಿದರೆ ಮೊದಲಿನಂತೆ.
ಕ್ಯೂ — ಪೇನ್‌ಗಳ ಸಂಖ್ಯೆಯನ್ನು ಕ್ಷಣಕಾಲ ತೋರಿಸುತ್ತದೆ.
ಸಿ — ಹೊಸ ವಿಂಡೋ. ಎನ್ ಒತ್ತಿದರೆ ಮುಂದಿನದು, ಪಿ ಒತ್ತಿದರೆ ಹಿಂದಿನದು.
[ — ಮೇಲೆ ಸರಿದುಹೋದ ಸಾಲುಗಳನ್ನು ನೋಡಲು. ಕ್ಯೂ ಒತ್ತಿದರೆ ಹೊರಗೆ.
ಎಕ್ಸ್ — ಪೇನ್ ಮುಚ್ಚುತ್ತದೆ. ಮುಚ್ಚುವ ಮೊದಲು ಕೇಳುತ್ತದೆ.
ಡಿ — ಸೆಷನ್‌ನಿಂದ ಹೊರಗೆ ಬರುತ್ತದೆ. ಸೆಷನ್ ಮಾತ್ರ ಓಡುತ್ತಲೇ ಇರುತ್ತದೆ.

ಈ ಪಟ್ಟಿಯಲ್ಲಿ ನಾನು ಎಲ್ಲಕ್ಕಿಂತ ಮೊದಲು ಕಲಿಸುವುದು ಕೊನೆಯದನ್ನು. ಡಿ ಎಂದರೆ ಡಿಟ್ಯಾಚ್, ಕಳಚಿಕೊಳ್ಳುವುದು. ಬಾಗಿಲು ಎಳೆದುಕೊಂಡು ಹೊರಗೆ ಹೋದಂತೆ. ಒಲೆಯ ಮೇಲಿಟ್ಟ ಅನ್ನ ಬೇಯುತ್ತಲೇ ಇರುತ್ತದೆ. 'ಎಗ್ಸಿಟ್' ಎಂದು ಬರೆಯುವುದು ಬೇರೆ. ಅದು ಒಲೆ ಆರಿಸಿದಂತೆ. ಶುಕ್ರವಾರ ಲ್ಯಾಬ್‌ನ ನಡುವೆ ನಮಾಝ್‌ಗೆ ಏಳಬೇಕಾದವರು ಕಂಟ್ರೋಲ್-ಬಿ, ಡಿ ಒತ್ತಿ ಎದ್ದುಹೋಗಬಹುದು. ಬಂದ ಮೇಲೆ ಮತ್ತೆ ಸರ್ವರ್‌ಗೆ ಹೋಗಿ 'ಟಿಮಕ್ಸ್ ಎಲ್‌ಎಸ್' ಎಂದರೆ ಯಾವ ಸೆಷನ್‌ಗಳಿವೆ ಎಂಬ ಪಟ್ಟಿ ಸಿಗುತ್ತದೆ. 'ಟಿಮಕ್ಸ್ ಅಟ್ಯಾಚ್ -ಟಿ ಲ್ಯಾಬ್' ಎಂದರೆ ಬಿಟ್ಟುಹೋದ ಎಲ್ಲ ಪೇನ್‌ಗಳೂ ಇದ್ದಲ್ಲೇ ತೆರೆಯುತ್ತವೆ. ಬೇರೆ ಕಂಪ್ಯೂಟರ್‌ನಿಂದ ಬಂದರೂ ಸರಿಯೇ.

ಇದೇ ಕಾರಣಕ್ಕೆ ನೆಟ್ ಕಡಿದರೂ ಕೆಲಸ ಉಳಿಯುತ್ತದೆ. ನೀವು ನೋಡುತ್ತಿರುವುದು ಟಿಮಕ್ಸ್‌ನ ಒಂದು ಚಿತ್ರವಷ್ಟೆ. ನಿಜವಾದ ಪೇನ್‌ಗಳನ್ನು ಹಿಡಿದಿರುವ ಟಿಮಕ್ಸ್‌ನ ಭಾಗ ಸರ್ವರ್‌ನಲ್ಲಿ ಪ್ರತ್ಯೇಕವಾಗಿ ಓಡುತ್ತಿರುತ್ತದೆ. 'ಫೋನ್ ಇಟ್ಟಾಯಿತು' ಎಂಬ ಸಂಕೇತ ಚಿತ್ರ ತೋರಿಸುವ ಭಾಗಕ್ಕೆ ಮಾತ್ರ ಮುಟ್ಟುತ್ತದೆ, ಕೆಲಸ ಮಾಡುವ ಭಾಗಕ್ಕೆ ಮುಟ್ಟುವುದಿಲ್ಲ.

ಪೇನ್‌ಗಳನ್ನು ಹೇಗೆ ಹಂಚಿಕೊಳ್ಳಬೇಕು?

ಪೇನ್ ಮಾಡುವುದು ಸುಲಭವಾದ್ದರಿಂದ ಹುಡುಗರು ಎಂಟು ಹತ್ತು ಪೇನ್ ಮಾಡಿ ಕೂರುತ್ತಾರೆ. ಒಂದರಲ್ಲೂ ಒಂದು ಸಾಲು ಪೂರ್ತಿ ಕಾಣುವುದಿಲ್ಲ. 1978ರಲ್ಲಿ ಬಂದ ವಿಟಿ100 ಎಂಬ ಪ್ರಸಿದ್ಧ ಟರ್ಮಿನಲ್‌ನ ಪರದೆಯಲ್ಲಿ ಸಾಲಿಗೆ 80 ಅಕ್ಷರ, ಒಟ್ಟು 24 ಸಾಲು ಇರುತ್ತಿದ್ದವು. ಇಂದಿಗೂ ಅನೇಕ ಪ್ರೋಗ್ರಾಂಗಳು 80 ಅಕ್ಷರದ ಅಗಲವನ್ನೇ ಎಣಿಸಿ ಬರೆದಿರುತ್ತವೆ. ಆದ್ದರಿಂದ ಮುಖ್ಯ ಪೇನ್ 80 ಅಕ್ಷರಕ್ಕಿಂತ ಕಿರಿದಾಗದಂತೆ ನೋಡಿಕೊಳ್ಳಿ.

ಲ್ಯಾಬ್‌ನಲ್ಲಿ ನಾನು ಹೇಳುವ ಹಂಚಿಕೆ ಇದು. ಎಡಗಡೆಯ ದೊಡ್ಡ ಪೇನ್‌ನಲ್ಲಿ ನ್ಯಾನೋ ಎಡಿಟರ್; ಅಲ್ಲಿ ಪೈಥಾನ್ ಪ್ರೋಗ್ರಾಂ ಬರೆಯುವುದು. ಬಲಗಡೆ ಮೇಲಿನ ಪೇನ್‌ನಲ್ಲಿ ಅದನ್ನು ಓಡಿಸಿ ನೋಡುವುದು. ಬಲಗಡೆ ಕೆಳಗಿನದರಲ್ಲಿ 'ಟಾಪ್' ಎಂಬ ಆಜ್ಞೆ. ಸರ್ವರ್‌ನ ಪ್ರೊಸೆಸರ್, ಮೆಮೊರಿ ಎಷ್ಟು ಬಳಕೆಯಾಗುತ್ತಿದೆ ಎಂದು ಅದು ತೋರಿಸುತ್ತದೆ. ಪ್ರೋಗ್ರಾಂನಲ್ಲಿ ಮುಗಿಯದ ಲೂಪ್ ಇದ್ದರೆ ಮೇಲಿನ ಪೇನ್ ಸುಮ್ಮನಿದ್ದರೂ ಕೆಳಗಿನದು ಹೇಳಿಬಿಡುತ್ತದೆ. ಬರೆಯುವುದು, ಓಡಿಸುವುದು, ಗಮನಿಸುವುದು ಮೂರೂ ಒಟ್ಟಿಗೆ ಕಂಡಾಗ ಕಾರಣ ಮತ್ತು ಪರಿಣಾಮದ ನಂಟು ಬೇಗ ಅರ್ಥವಾಗುತ್ತದೆ. ಪೇನ್‌ಗಳ ನಿಜವಾದ ಪ್ರಯೋಜನ ಇದು.

ಹಲವು ಸರ್ವರ್‌ಗಳಿದ್ದಾಗ

ಕೆಲಸಕ್ಕೆ ಸೇರಿದ ಮೇಲೆ ಒಂದೇ ಸರ್ವರ್ ಇರುವುದಿಲ್ಲ. ಆಗ ನಿಮ್ಮ ಕಂಪ್ಯೂಟರ್‌ನಲ್ಲೇ ಟಿಮಕ್ಸ್ ತೆರೆದು, ಒಂದೊಂದು ಪೇನ್‌ನಿಂದ ಒಂದೊಂದು ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡುವುದುಂಟು. ನೋಡಲು ಅನುಕೂಲ. ಆದರೆ ಟಿಮಕ್ಸ್ ಇರುವ ಕಡೆ ಮಾತ್ರ ಕೆಲಸ ಉಳಿಯುತ್ತದೆ ಎಂಬುದನ್ನು ಮರೆಯಬಾರದು. ಅದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿದ್ದರೆ, ನೆಟ್ ಹೋದಾಗ ಪೇನ್ ಉಳಿಯುತ್ತದೆ, ಅದರೊಳಗಿನ ಸಂಪರ್ಕ ಉಳಿಯುವುದಿಲ್ಲ. ದೀರ್ಘ ಕೆಲಸವಿದ್ದರೆ ಆಯಾ ಸರ್ವರ್‌ನಲ್ಲೂ ಟಿಮಕ್ಸ್ ಬೇಕು. ಆಗ ಒಂದರೊಳಗೆ ಇನ್ನೊಂದು ಟಿಮಕ್ಸ್ ಆಗುತ್ತದೆ. ಒಳಗಿನದನ್ನು ಕರೆಯಲು ಕಂಟ್ರೋಲ್-ಬಿಯನ್ನು ಎರಡು ಸಲ ಒತ್ತಬೇಕು.

ಇನ್ನೊಂದು ಸೌಲಭ್ಯವಿದೆ: ಸಿಂಕ್ರೊನೈಸ್ ಪೇನ್ಸ್. ಇದನ್ನು ಆನ್ ಮಾಡಿದರೆ ನೀವು ಒಂದು ಪೇನ್‌ನಲ್ಲಿ ಟೈಪ್ ಮಾಡಿದ್ದು ಆ ವಿಂಡೋದ ಎಲ್ಲ ಪೇನ್‌ಗಳಿಗೂ ಹೋಗುತ್ತದೆ. ನಾಲ್ಕು ಸರ್ವರ್‌ಗಳಲ್ಲಿ ಒಂದೇ ಆಜ್ಞೆ ಕೊಡಬೇಕಾದಾಗ ಸಮಯ ಉಳಿಯುತ್ತದೆ. ತಪ್ಪು ಆಜ್ಞೆಯಾದರೆ ಅದೂ ನಾಲ್ಕು ಕಡೆ ಆಗುತ್ತದೆ. ಕೆಲಸ ಮುಗಿದ ಕೂಡಲೇ ಆಫ್ ಮಾಡಬೇಕು.

ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ನಾಲ್ಕು ಪೇನ್‌ಗಳಲ್ಲಿ ನಾಲ್ಕು ಯಂತ್ರ. ನಾಲ್ಕೂ ಕಪ್ಪು, ನಾಲ್ಕರಲ್ಲೂ ಅದೇ ಅಕ್ಷರ. ಈಗ ನನ್ನ ಕೈ ಯಾವ ಯಂತ್ರದ ಮೇಲಿದೆ?

ಗಿಟ್‌ಲ್ಯಾಬ್‌ನ ಆ ರಾತ್ರಿ

ಈ ಪ್ರಶ್ನೆ ಎಷ್ಟು ದೊಡ್ಡದು ಎಂದು ತೋರಿಸಲು ನಾನು ಗಿಟ್‌ಲ್ಯಾಬ್ ಕಂಪನಿಯ ಉದಾಹರಣೆ ಕೊಡುತ್ತೇನೆ. ಪ್ರೋಗ್ರಾಂಗಳನ್ನು ಜೋಪಾನವಾಗಿ ಇಟ್ಟು ಹಂಚಿಕೊಳ್ಳಲು ಲೋಕದ ನಾನಾ ಕಡೆಯವರು ಬಳಸುವ ಸೇವೆ ಅದು. ನಡೆದದ್ದನ್ನು ಆ ಕಂಪನಿಯೇ ವಿವರವಾಗಿ ಪ್ರಕಟಿಸಿದೆ.

2017ರ ಜನವರಿ 31. ಅವರ ಡೇಟಾಬೇಸ್ ಎರಡು ಸರ್ವರ್‌ಗಳಲ್ಲಿತ್ತು. ಒಂದು ಮುಖ್ಯವಾದದ್ದು, ಇನ್ನೊಂದು ಅದರ ನಕಲು ಇಟ್ಟುಕೊಳ್ಳುವುದು. ಎರಡರ ಹೆಸರಿನಲ್ಲಿದ್ದ ವ್ಯತ್ಯಾಸ ಒಂದೇ ಅಂಕಿ: 1 ಮತ್ತು 2. ಆ ದಿನ ಹೊರೆ ಹೆಚ್ಚಾಗಿ ನಕಲು ಹಿಂದೆ ಬಿತ್ತು. ಅದನ್ನು ಹೊಸದಾಗಿ ಶುರು ಮಾಡಲು ಎರಡನೇ ಸರ್ವರ್‌ನ ಹಳೆಯ ಡೇಟಾ ಫೋಲ್ಡರ್ ಅಳಿಸಬೇಕಿತ್ತು. ರಾತ್ರಿಯಾಗಿತ್ತು. ಎಂಜಿನಿಯರ್ ಒಬ್ಬರು ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ಅವರಿಗೆ ಗೊತ್ತಾಯಿತು, ಆಜ್ಞೆ ಹೋದದ್ದು ಮುಖ್ಯ ಸರ್ವರ್‌ಗೆ. ತಕ್ಷಣ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿ ಡೇಟಾದಲ್ಲಿ ಉಳಿದದ್ದು ಸುಮಾರು 4.5 ಜಿಬಿ.

ಬ್ಯಾಕಪ್ ಇರಲಿಲ್ಲವೇ? ಹಲವು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು. ನೋಡಿದರೆ, ದಿನನಿತ್ಯದ ಬ್ಯಾಕಪ್ ಡೇಟಾಬೇಸ್‌ನ ಆವೃತ್ತಿ ಹೊಂದದೆ ವಿಫಲವಾಗುತ್ತಿತ್ತು. ಹಾಗೆಂದು ತಿಳಿಸುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಅದೃಷ್ಟಕ್ಕೆ ಸುಮಾರು ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕಾಗಿ ಕೈಯಾರೆ ತೆಗೆದಿಟ್ಟ ಒಂದು ಪ್ರತಿ ಇತ್ತು. ಅದರಿಂದ ಸೇವೆ ಮತ್ತೆ ಶುರುವಾಯಿತು. ಆ ಆರು ಗಂಟೆಗಳಲ್ಲಿ ಡೇಟಾಬೇಸ್ ಸೇರಿದ್ದ ವಿವರಗಳು, ಹೊಸ ಖಾತೆ, ಅಭಿಪ್ರಾಯಗಳು ಮರಳಿ ಬರಲಿಲ್ಲ.

ಇದರಲ್ಲಿ ನನಗೆ ಮೆಚ್ಚುಗೆಯಾದ ಸಂಗತಿ ಎರಡು. ಒಂದು, ಕಂಪನಿ ಆ ಎಂಜಿನಿಯರ್‌ನ ಹೆಸರು ಹೇಳಲಿಲ್ಲ, ಅವರ ಮೇಲೆ ಗೂಬೆ ಕೂರಿಸಲೂ ಇಲ್ಲ. ಏನಾಯಿತು, ಏಕಾಯಿತು ಎಂಬುದನ್ನಷ್ಟೆ ಲೋಕಕ್ಕೆ ಹೇಳಿತು. ಎರಡು, ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಒಂದು ಬಹಳ ಸಣ್ಣ ಕೆಲಸ ಇತ್ತು: ಯಾವ ಸರ್ವರ್‌ನಲ್ಲಿದ್ದೇವೆ ಎಂಬುದು ಟರ್ಮಿನಲ್‌ನ ಪ್ರಾಂಪ್ಟ್‌ನಲ್ಲೇ ಎದ್ದು ಕಾಣುವಂತೆ ಬದಲಿಸುವುದು.

ರೂಢಿ ಮಾಡಿಕೊಳ್ಳಬೇಕಾದ ನಿಯಮಗಳು

1. ಎಂಟರ್ ಒತ್ತುವ ಮುನ್ನ ಪ್ರಾಂಪ್ಟ್ ಓದಿ. ಕರ್ಸರ್‌ನ ಎಡಗಡೆ ಬಳಕೆದಾರರ ಹೆಸರು, @ ಚಿಹ್ನೆ, ಯಂತ್ರದ ಹೆಸರು ಇರುತ್ತದೆ. ಕೊನೆಯಲ್ಲಿ $ ಇದ್ದರೆ ನೀವು ಸಾಮಾನ್ಯ ಬಳಕೆದಾರರು. # ಇದ್ದರೆ ಎಲ್ಲ ಅಧಿಕಾರವೂ ಇರುವ ರೂಟ್. # ಕಂಡಲ್ಲಿ ಎರಡು ಸಲ ಓದಿ.

2. ಅನುಮಾನ ಬಂದರೆ 'ಹೋಸ್ಟ್‌ನೇಮ್' ಎಂದು ಬರೆದು ಎಂಟರ್ ಒತ್ತಿ. ಯಂತ್ರ ತನ್ನ ಹೆಸರು ಹೇಳುತ್ತದೆ. ಇದರಿಂದ ಯಾವ ಹಾನಿಯೂ ಇಲ್ಲ.

3. ಪ್ರತಿ ಸರ್ವರ್‌ನ ಪ್ರಾಂಪ್ಟ್‌ಗೆ ಬೇರೆ ಬಣ್ಣ ಕೊಡಿ. ಜನ ಬಳಸುತ್ತಿರುವ ಸರ್ವರ್‌ಗೆ ಕೆಂಪು, ಪ್ರಯೋಗದ್ದಕ್ಕೆ ಹಸಿರು.

4. ಅಳಿಸುವ, ನಿಲ್ಲಿಸುವ ಆಜ್ಞೆಗಳನ್ನು ಪಕ್ಕದಲ್ಲಿ ಬೇರೆ ಪೇನ್‌ಗಳಿರುವಾಗ ಕೊಡಬೇಡಿ. ಕಂಟ್ರೋಲ್-ಬಿ, ಝಡ್ ಒತ್ತಿ ಆ ಒಂದು ಪೇನನ್ನು ದೊಡ್ಡದು ಮಾಡಿಕೊಂಡು, ಹೆಸರು ನೋಡಿ, ಆಮೇಲೆ ಕೊಡಿ.

5. ಬ್ಯಾಕಪ್ ಇದೆ ಎಂದರೆ ಸಾಲದು. ಅದರಿಂದ ಒಮ್ಮೆಯಾದರೂ ಡೇಟಾ ಮರಳಿ ಪಡೆದು ನೋಡಿರಬೇಕು.

6. ದಣಿದಾಗ ದೊಡ್ಡ ಆಜ್ಞೆ ಬೇಡ. ಡಿಟ್ಯಾಚ್ ಮಾಡಿ ಮಲಗಿ. ಸೆಷನ್ ಬೆಳಿಗ್ಗೆಯೂ ಅಲ್ಲೇ ಇರುತ್ತದೆ.

ಟಿಮಕ್ಸ್‌ನ ಮಿತಿಯನ್ನೂ ತಿಳಿದಿರಬೇಕು. ನಿಮ್ಮ ಕಡೆ ಏನೇ ಕೆಟ್ಟರೂ ಅದು ಕಾಪಾಡುತ್ತದೆ. ಸರ್ವರ್ ತಾನೇ ರೀಬೂಟ್ ಆದರೆ ಸೆಷನ್‌ಗಳೆಲ್ಲ ಹೋಗುತ್ತವೆ. ಲಾಗೌಟ್ ಆದವರ ಎಲ್ಲ ಪ್ರೋಗ್ರಾಂ ನಿಲ್ಲಿಸುವಂತೆ ಕೆಲವು ಸರ್ವರ್‌ಗಳಲ್ಲಿ ಇಟ್ಟಿರುತ್ತಾರೆ. ಅದನ್ನು ಮೊದಲೇ ಕೇಳಿಕೊಳ್ಳಿ. ಆದ್ದರಿಂದ ಟಿಮಕ್ಸ್‌ನಲ್ಲಿದ್ದರೂ ಫೈಲ್ ಸೇವ್ ಮಾಡುತ್ತಿರಬೇಕು.

ಅಭ್ಯಾಸ

ಉಬುಂಟು ಇರುವ ಎರಡು ಕಂಪ್ಯೂಟರ್ ಸಾಕು. ಎರಡರಲ್ಲೂ ಟಿಮಕ್ಸ್, ಸರ್ವರ್ ಆಗುವುದರಲ್ಲಿ ಓಪನ್‌ಎಸ್‌ಎಸ್‌ಎಚ್ ಸರ್ವರ್ ಹಾಕಿಸಿಕೊಳ್ಳಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಉಚಿತ ಆಪ್ ಹಾಕಿ ಟಿಮಕ್ಸ್ ಕಲಿಯಬಹುದು. ಎಸ್‌ಎಸ್‌ಎಚ್ ಕೂಡ ಅದರಲ್ಲಿ ಸಿಗುತ್ತದೆ. ನಿಮ್ಮದಲ್ಲದ, ಅನುಮತಿ ಇಲ್ಲದ ಯಂತ್ರಕ್ಕೆ ಲಾಗಿನ್ ಆಗಲು ಯತ್ನಿಸುವುದು ಕಾನೂನಿಗೆ ವಿರುದ್ಧ, ಇದು ನೆನಪಿರಲಿ.

ಒಂದು: 1ರಿಂದ 3600ರವರೆಗೆ ಸೆಕೆಂಡಿಗೊಂದು ಸಂಖ್ಯೆ ಮುದ್ರಿಸುವ ಪೈಥಾನ್ ಪ್ರೋಗ್ರಾಂ ಬರೆಯಿರಿ. ಎಸ್‌ಎಸ್‌ಎಚ್ ಮೂಲಕ ಹೋಗಿ, ಟಿಮಕ್ಸ್ ಇಲ್ಲದೆ ಅದನ್ನು ಓಡಿಸಿ, ಟರ್ಮಿನಲ್ ಮುಚ್ಚಿಬಿಡಿ. ಮತ್ತೆ ಹೋಗಿ ಅದು ಓಡುತ್ತಿದೆಯೇ ನೋಡಿ.

ಎರಡು: ಅದನ್ನೇ ಟಿಮಕ್ಸ್ ಒಳಗೆ ಓಡಿಸಿ, ಟರ್ಮಿನಲ್ ಮುಚ್ಚಿ, ಐದು ನಿಮಿಷ ಬಿಟ್ಟು ಅಟ್ಯಾಚ್ ಮಾಡಿ. ಸಂಖ್ಯೆ ಎಷ್ಟಕ್ಕೆ ಬಂದಿದೆ? ವ್ಯತ್ಯಾಸದ ಕಾರಣವನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ.

ಮೂರು: ಇಬ್ಬರು ಗೆಳೆಯರು ಅನುಮತಿ ಪಡೆದು ಲ್ಯಾಬ್‌ನ ಒಂದೇ ಖಾತೆಗೆ ಲಾಗಿನ್ ಆಗಿ ಒಂದೇ ಸೆಷನ್‌ಗೆ ಅಟ್ಯಾಚ್ ಮಾಡಿ. ಒಬ್ಬರು ಟೈಪ್ ಮಾಡಿದ್ದು ಇನ್ನೊಬ್ಬರಿಗೆ ಕಾಣುತ್ತದೆಯೇ? ಪಾಠ ಹೇಳಲು ಇದು ಹೇಗೆ ಉಪಯೋಗ, ಇದರಲ್ಲಿ ಅಪಾಯವೇನು ಎಂದು ಚರ್ಚಿಸಿ.

ನಾಲ್ಕು: ನಾಲ್ಕು ಪೇನ್ ಮಾಡಿ, ಎರಡನ್ನು ಇನ್ನೊಂದು ಕಂಪ್ಯೂಟರ್‌ಗೆ ಸೇರಿಸಿ. ಗೆಳೆಯ ಕಣ್ಣು ಮುಚ್ಚಿಕೊಂಡಾಗ ನೀವು ಯಾವುದೋ ಒಂದು ಪೇನ್‌ಗೆ ಹೋಗಿ ನಿಲ್ಲಿ. ಕಣ್ಣು ತೆರೆದ ಮೇಲೆ ಅವನು ಏನೂ ಟೈಪ್ ಮಾಡದೆ, ಕೈ ಯಾವ ಯಂತ್ರದ ಮೇಲಿದೆ ಎಂದು ಹೇಳಬೇಕು. ಹೇಳಲು ತಡವಾಯಿತೆಂದರೆ ಪ್ರಾಂಪ್ಟ್‌ನ ಬಣ್ಣ ಬದಲಿಸುವ ಸಮಯ ಬಂದಿದೆ ಎಂದು ತಿಳಿಯಿರಿ.

ಉತ್ತರಗಳನ್ನು ರೆಕಾರ್ಡ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದು ತನ್ನಿ. ಅಂಕ ಇಲ್ಲ; ನೋಡಿ ಸಹಿ ಹಾಕಿ ಕೊಡುತ್ತೇನೆ.